ಮುಂದಿನವರ ಬುಟ್ಟಿ

ಮೂವತ್ತೊಂದು ವರ್ಷ ತೆರಿಗೆ ಕಚೇರಿಯಲ್ಲಿ
ಕೆಮಿ ಊರಿನ ರಸೀದಿಗಳನ್ನು ಓದಿದವಳು ನಾನು.
ನಿವೃತ್ತಿ ನೌಕರಿಗೆ ಆಯಿತು, ಕಣ್ಣಿಗಲ್ಲ.

ಈಗ ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ನಿಂತರೆ ಸಾಕು,
ಕರಿಯ ಪಟ್ಟಿ ತಾನಾಗಿ ಹರಿದು ಬರುತ್ತದೆ,
ಊರು ತನ್ನ ಹೊಟ್ಟೆಪಾಡನ್ನು ಅದರ ಮೇಲಿಟ್ಟು
ತುಟಿ ಬಿಚ್ಚದೆ ಹೇಳಿಕೆ ಕೊಡುತ್ತದೆ.
ಫಿನ್‌ಲ್ಯಾಂಡಿನವರು ನಾವು, ಮಾತು ಕಡಿಮೆ;
ಸಾಮಾನು ಮಾತಾಡುತ್ತದೆ.

ಕೆಳಮಹಡಿಯ ಯೊರ್ಮಾನನ್ನೇ ನೋಡಿ:
ಕೊಬ್ಬಿಲ್ಲದ ಮೊಸರು ನಾಲ್ಕು ಡಬ್ಬಿ, ಎಲ್ಲರಿಗೂ ಕಾಣುವಂತೆ;
ಅದರ ಮರೆಗೆ ಬೋರಲು ಮಲಗಿಸಿದ ಚಾಕೊಲೇಟು.
ಎರಡು. ಎಣಿಸಿದ್ದೇನೆ.
ಶಾಲೆಗೆ ಹೊಸದಾಗಿ ಬಂದ ಟೀಚರು
ದಿನಾ ಚಿಪ್ಪಿನಿಂದ ಮುರಿದುಕೊಳ್ಳುವುದು ಒಂಟಿ ಬಾಳೆಹಣ್ಣು.
ಪಾದ್ರಿಯ ತಂಗಿಗೆ ಒಣ ರೈ ರೊಟ್ಟಿ, ಅವಳ ಬೆಕ್ಕಿಗೆ ಸಾಲ್ಮನ್.
ಮಗು ಹುಟ್ಟಿದ ಮನೆಯನ್ನು ಡೈಪರಿನಿಂದ ಬಲ್ಲೆ,
ಮುರಿದ ಮನೆಯನ್ನು, ಒಬ್ಬರಿಗಾಗುವ
ಬಿಸಿಮಾಡಿಕೊಳ್ಳುವ ಊಟದ ತಟ್ಟೆಯಿಂದ.
ಹಾಗಂತ ಯಾರ ಮುಂದೂ ಆಡುವುದಿಲ್ಲ.
ತೀರ್ಪು ಕೊಡುತ್ತೇನೆ, ಅಷ್ಟೆ.
ಮನಸ್ಸಿನಲ್ಲಿ. ಸಹಿ, ಸೀಲು ಸಮೇತ.

ಕ್ರಿಸ್‌ಮಸ್ಸಿನ ಮುನ್ನಾದಿನ.
ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಕೆಳಗೆ.
ಅಂಗಡಿಗೆ ಬೇಗ ಬಾಗಿಲೆಳೆಯುವ ಅವಸರ.
ನನ್ನ ಮುಂದೆ ಉಣ್ಣೆಟೋಪಿಯವನೊಬ್ಬ, ಊರವನಲ್ಲ,
ಇಲ್ಲವೆ ನನ್ನ ಕಡತಕ್ಕೆ ಸಿಕ್ಕದವನು.
ಗೋರಿಗೆ ಹಚ್ಚುವ ಮೊಂಬತ್ತಿ, ಗಾಳಿಗೆ ಆರದಂಥವು,
ತಗಡಿನ ಮುಚ್ಚಳದವು, ಹನ್ನೆರಡು.
ಒಂದು ಸುತ್ತು ಸಾಸೇಜು. ಬೆಂಕಿಪೊಟ್ಟಣ.
ಇನ್ನೇನಿಲ್ಲ.

ಹನ್ನೆರಡು! ನನ್ನೊಳಗಿನ ಕಚೇರಿ ಬಾಗಿಲು ತೆರೆಯಿತು.
ತುಂಬಿದ ಮನೆತನವೆ? ಒಂದೇ ದೋಣಿಯಲ್ಲಿ ಹೋದವರೆ?
ಬದುಕಿದ್ದಾಗ ಮುಖ ನೋಡದೆ
ಸತ್ತ ಮೇಲೆ ಧಾರಾಳಿಯಾದವನೆ?
ಕೊನೆಯದನ್ನೇ ಬರೆದುಕೊಂಡೆ.
ಅನುಮಾನ ಮೊದಲು, ದಾಖಲೆ ಆಮೇಲೆ:
ನಾವು ಕಲಿತದ್ದೇ ಹಾಗೆ.

ಕಾರ್ಡು ಕುಂಯ್ ಅಂದಿತು. ಇನ್ನೊಮ್ಮೆ ಅಂದಿತು.
ಜೇಬು ತಡಕಿ ನಾಣ್ಯ ಹರವಿದ, ದಪ್ಪ ಕೈಗವಸಿನಿಂದ
ಅವು ಜಾರಿ ಜಾರಿ ಉರುಳಿದವು.
ಗಲ್ಲಾದ ಹುಡುಗಿ ಹಿಲ್ಲಾ ಮೆಲ್ಲಗೆ,
"ಯಾವುದನ್ನ ತೆಗೀಲಿ?"

ಸಾಸೇಜು ಅಂದುಕೊಂಡೆ. ಯಾರೇ ಆದರೂ ಅದನ್ನೇ.
ಅವನು ಸಾಸೇಜನ್ನು ನೋಡಿದ. ಬಹಳ ಹೊತ್ತು ನೋಡಿದ.
ಆಮೇಲೆ ಒಂದು ಮೊಂಬತ್ತಿ ಎತ್ತಿ ಪಕ್ಕಕ್ಕಿಟ್ಟ,
ನಿದ್ದೆಹೋದ ಮಗುವಿನ ಮುಷ್ಟಿಯಿಂದ
ಬೆರಳು ಬಿಡಿಸಿಕೊಳ್ಳುವ ಹಾಗೆ.

ಹಸಿವಿನ ಮೇಲೆ ತೀರ್ಪು ಬರೆಯಬಲ್ಲೆ;
ಇದಕ್ಕೆ ಯಾವ ನಮೂನೆ ತುಂಬಲಿ?
ಈ ರಾತ್ರಿ ಕತ್ತಲಲ್ಲಿ ಯಾರು?
ಚಿಕ್ಕಮ್ಮನೆ, ಮಾತು ಬಿಟ್ಟ ತಮ್ಮನೆ,
ಹೆಸರಿಡುವ ಮೊದಲೇ ಹೋದದ್ದೆ?
ಸತ್ತವರ ಪಂಕ್ತಿಯಿಂದಲೂ ಒಬ್ಬರನ್ನು ಎಬ್ಬಿಸಿದ್ದಾಯಿತೆ,
ಎರಡು ಯೂರೋ ಎಂಬತ್ತಕ್ಕೆ?

ನಾನು ಕೊಡುತ್ತೇನೆ ಅನ್ನಬಹುದಿತ್ತು. ನಾಲಗೆ ಏಳಲಿಲ್ಲ.
ಅಪರಿಚಿತನಿಗೆ ಕೈ ನೀಡುವುದೆಂದರೆ ನಮ್ಮಲ್ಲಿ
ಅವನ ಮನೆ ಬಾಗಿಲು ಒದ್ದಷ್ಟೇ.
ಗಾಜಿನ ಬಾಗಿಲು ತಾನೇ ತೆರೆದು ತಾನೇ ಮುಚ್ಚಿತು.
ಪಕ್ಕಕ್ಕಿಟ್ಟದ್ದನ್ನು ನನ್ನತ್ತ ಎಳೆದುಕೊಂಡೆ.

ಹ್ಯಾಮ್ ನಾಲ್ಕು ಚೂರು, ಪದಬಂಧದ ಪುಸ್ತಕ,
ಮೊಣಕಾಲಿಗೆ ಮುಲಾಮು, ಗೋರಿಯ ಮೊಂಬತ್ತಿ ಒಂದು.
ಹಿಂದೆ ತಾಯಿಯ ಕೋಟು ಹಿಡಿದ ಹುಡುಗಿ
ತುದಿಯಿಂದ ತುದಿಗೆ ಎಲ್ಲ ಓದಿದಳು, ಒಂದೂ ಬಿಡದೆ.
ಒಳ್ಳೆಯ ಅಧಿಕಾರಿಣಿ ಆದಾಳು.
"ಅಮ್ಮಾ, ಈ ಅಜ್ಜಿದು ಯಾರು ಸತ್ತೋದ್ರು?"
ಶ್ಶ್, ಅಂದಳು ತಾಯಿ, ತಾನೂ ನೋಡುತ್ತಲೇ.

ಈ ಮಣ್ಣಲ್ಲಿ ನನ್ನವರು ಯಾರೂ ಇಲ್ಲ.
ಗಂಡ ಔಲು ಪಟ್ಟಣದಲ್ಲಿ ಗಟ್ಟಿಮುಟ್ಟಾಗಿದ್ದಾನೆ,
ಇನ್ನೊಬ್ಬಳ ಫ್ರಿಜ್ಜು ತುಂಬಿಸುತ್ತ.

ಮೂರು ಗಂಟೆಗೆಲ್ಲ ಕತ್ತಲು.
ಸ್ಮಶಾನದ ಹಿಮದ ತುಂಬ ಊರು ಹಚ್ಚಿಟ್ಟ ದೀಪ.
ಎಣಿಸುತ್ತ ನಡೆದೆ; ಎಷ್ಟು ತಿರುಗಿದರೂ
ಹನ್ನೊಂದು ಒಟ್ಟಿಗಿದ್ದ ಜಾಗ ಸಿಗಲಿಲ್ಲ.
ಮೂಲೆಯಲ್ಲಿ, ಬೇರೆಲ್ಲೋ ಮಣ್ಣಾದವರಿಗೆಂದು
ನಿಲ್ಲಿಸಿದ ಒಂದು ಕಲ್ಲಿದೆ.
ಅದರ ಬುಡದಲ್ಲಿ ಕೂರಿಸಿದೆ.
ನೋಡಿದರೆ ಬೆಂಕಿಪೊಟ್ಟಣವನ್ನೇ ತಂದಿಲ್ಲ.

ಪಕ್ಕದಲ್ಲಿ ಯಾರದೋ ದೀಪ ಉರಿಯುತ್ತಿತ್ತು.
ಬಗ್ಗಿ, ಮೊಣಕಾಲು ಶಪಿಸುತ್ತ,
ಅದರಿಂದ ಒಂದು ಕಿಡಿ ಕಡ ತಂದೆ,
ಯಾರ ಹೆಸರಿಗೂ ಬರೆಯದೆ.